ಸೀಟು ಚೆನ್ನಾಗಿದೆ, ಆದರೆ ಕೂರುತ್ತಿಲ್ಲ: ಹಳೆ ಅಮೆರಿಕನ್ ಕಾರಿಗೆ ಬೇರೆ ಕಾರಿನ ಸೀಟು ಹಾಕಿದಾಗ

ಮಸ್ಟ್ಯಾಂಗ್, ಕಮಾರೊ, ಚಾರ್ಜರ್, ಶೆವೆಲ್ ಥರದ ಹಳೆ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಸೀಟು ಹುಡುಕಿಕೊಂಡು ಹೊರಡುತ್ತಾರೆ. ಇರುವ ಸೀಟಿನ ಫೋಮ್ ಪುಡಿಪುಡಿಯಾಗಿ ನೆಲಕ್ಕೆ ಉದುರುತ್ತಿರುತ್ತದೆ. ಸ್ಪ್ರಿಂಗ್ ತೊಡೆಗೆ ಚುಚ್ಚುತ್ತಿರುತ್ತದೆ. ಗುಜರಿ ಯಾರ್ಡ್‌ನಲ್ಲಿ ಅದೇ ಕಂಪನಿಯ ಇನ್ನೊಂದು ಕಾರಿನ ಸೀಟು ಕಣ್ಣಿಗೆ ಬೀಳುತ್ತದೆ. ಮಾರುವವನು "ಎಲ್ಲಾ ಒಂದೇ, ನಾಲ್ಕು ಬೋಲ್ಟ್ ಬಿಗಿದರೆ ಆಯ್ತು" ಅನ್ನುತ್ತಾನೆ. ಮನೆಗೆ ತಂದು ಇಟ್ಟು ನೋಡಿದರೆ ಎರಡು ಬೋಲ್ಟ್ ಕೂರುತ್ತವೆ, ಇನ್ನೆರಡು ಅರ್ಧ ಇಂಚು ಆಚೆ.

ನನ್ನ ಹತ್ತಿರ ಇರುವುದು 1966ರ ಮಸ್ಟ್ಯಾಂಗ್ ಕೂಪೆ. ಇಲ್ಲಿವರೆಗೆ ಮೂರು ಸಲ ಸೀಟು ಬದಲಿಸಿದ್ದೇನೆ, ಅದರಲ್ಲಿ ಎರಡು ಸಲ ಕೆಟ್ಟಿದೆ. ಕೆಟ್ಟಾಗ ಕಲಿತದ್ದು ಇಷ್ಟು. ಸೀಟು ಅಂದರೆ ಒಂದು ವಸ್ತುವಲ್ಲ, ಮೂರು. ಮೇಲೆ ಕುಶನ್ನು, ಅದರ ಅಡಿಯಲ್ಲಿ ಹಿಂದೆ ಮುಂದೆ ಸರಿಯುವ ಹಳಿ, ಹಳಿ ಕೂರುವ ನೆಲದ ತಗಡು. ನಾವು ಕೊಳ್ಳುವಾಗ ನೋಡುವುದು ಕುಶನ್ನನ್ನು. ತೊಂದರೆ ಕೊಡುವುದು ಹಳಿ ಮತ್ತು ನೆಲ. ಕೆಳಗೆ ಬರೆದ ಒಂದೊಂದು ಲಕ್ಷಣದಲ್ಲೂ ನಾನು ಮೊದಲು ಕೇಳುವ ಪ್ರಶ್ನೆ ಅದೇ: ಈ ಮೂರರಲ್ಲಿ ಯಾವುದು?

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಅರವತ್ತರ ದಶಕದ ಮಸ್ಟ್ಯಾಂಗ್‌ನಲ್ಲಿ ಸೀಟಿನ ನಟ್ಟುಗಳು ಕಾರಿನ ಅಡಿಯಿಂದ ಬಿಚ್ಚಬೇಕಾದಂಥವು. ರಬ್ಬರ್ ಮುಚ್ಚಳ ತೆಗೆದರೆ ತೂತಿನ ಒಳಗೆ ನಟ್ಟು ಕಾಣಿಸುತ್ತದೆ. ಹಾಗಾಗಿ ಕಾರನ್ನು ಎತ್ತಲೇಬೇಕು. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಅಡಿಗೆ ಕೈ ಕೂಡ ಹಾಕಬೇಡಿ. ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಟ್ಟೆ, ನಾಲ್ಕು ಸ್ಟ್ಯಾಂಡು. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಕಾರನ್ನು ಒಮ್ಮೆ ಕೈಯಿಂದ ಜಗ್ಗಿ ನೋಡಿ. ಅಲ್ಲಾಡಿದರೆ ಇಳಿಸಿ, ಮತ್ತೆ ನಿಲ್ಲಿಸಿ. ಕಣ್ಣಿಗೆ ಕನ್ನಡಕ ಇರಲಿ, ಐವತ್ತು ವರ್ಷದ ತುಕ್ಕು ಸೀದಾ ಕಣ್ಣಿಗೇ ಬೀಳುತ್ತದೆ.

ಇನ್ನೂ ಕೊಂಡಿಲ್ಲ, ಆದರೆ "ಆಗುತ್ತೋ ಇಲ್ವೋ" ಅನ್ನುವ ಅನುಮಾನ

ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಎರಡು ಕಾರಿನ ತಗಡಿನ ಚೀಟಿ ಓದಿದರೆ ಸಾಕು.

ಫೋರ್ಡ್‌ನಲ್ಲಿ ಆ ಚೀಟಿ ಡ್ರೈವರ್ ಬಾಗಿಲ ಮೇಲಿರುತ್ತದೆ. 1965, 66ರ ಮಸ್ಟ್ಯಾಂಗ್‌ನಲ್ಲಿ ಬಾಡಿ ಕೋಡ್ 65ಎ ಅಂದರೆ ಸಾಮಾನ್ಯ ಬಕೆಟ್ ಸೀಟಿನ (ಒಬ್ಬೊಬ್ಬರಿಗೂ ಒಂದೊಂದು ಬಿಡಿ ಸೀಟಿನ) ಕೂಪೆ. 65ಬಿ ಅಂದರೆ ಅದೇ ಕೂಪೆಯ ದುಬಾರಿ ಒಳಾಂಗಣ. 65ಸಿ ಅಂದರೆ ಮುಂದೆ ಉದ್ದ ಬೆಂಚ್ ಸೀಟು. ಮಸ್ಟ್ಯಾಂಗ್‌ಗೂ ಬೆಂಚ್ ಸೀಟು ಇತ್ತು ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಜನರಲ್ ಮೋಟಾರ್ಸ್ ಕಾರುಗಳಲ್ಲಿ ಚೀಟಿ ಎಂಜಿನ್ ಹಿಂದಿನ ಗೋಡೆಯ ಮೇಲೆ ಇರುತ್ತದೆ, ಅದರಲ್ಲಿ ಟ್ರಿಮ್ ಕೋಡ್, ಅಂದರೆ ಒಳಾಂಗಣದ ಕೋಡ್ ಇರುತ್ತದೆ. ಕ್ರೈಸ್ಲರ್ ಕಡೆಯವಾದ ಡಾಡ್ಜ್, ಪ್ಲಿಮತ್‌ಗಳಲ್ಲಿ ಎಂಜಿನ್ ಕೋಣೆಯ ಒಳಗೆ, ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ನೋಡಬೇಕು.

ಕೋಡ್ ನೋಡುವುದು ಬಣ್ಣಕ್ಕಾಗಿ ಅಲ್ಲ. ನಿಮ್ಮ ಕಾರು ಹುಟ್ಟುವಾಗ ಬೆಂಚ್ ಸೀಟಿನದೋ ಬಕೆಟ್ ಸೀಟಿನದೋ ಅನ್ನುವುದು ಮುಖ್ಯ. ನಡುವೆ ಯಾರೋ ಬದಲಿಸಿರಬಹುದು, ಆದರೆ ನೆಲ ಹುಟ್ಟಿದಾಗಿನದೇ. ಬೆಂಚ್ ಸೀಟಿಗೆ ಎರಡೇ ಹಳಿ, ಅವು ದೂರದೂರ ಇರುತ್ತವೆ. ಟನಲ್, ಅಂದರೆ ಕಾರಿನ ನಡುವೆ ಉದ್ದಕ್ಕೆ ಉಬ್ಬಿರುವ ನೆಲ, ಅದರ ಪಕ್ಕದಲ್ಲಿ ಬೆಂಚಿಗೆ ಕಾಲೂರುವ ಜಾಗವೇ ಬೇಕಿಲ್ಲ. ಬಕೆಟ್ ಸೀಟಿಗೆ ಒಂದೊಂದಕ್ಕೂ ಎರಡು ಹಳಿ, ಅದರಲ್ಲಿ ಒಂದು ಟನಲ್‌ಗೆ ಅಂಟಿಕೊಂಡಂತೆ. ಎಷ್ಟೋ ಕಾರುಗಳ ಬೆಂಚಿನ ನೆಲದಲ್ಲಿ ಆ ಒಳಗಿನ ಪೀಠ ಇರುವುದೇ ಇಲ್ಲ. "ಬಕೆಟ್ ಸೀಟು ಸಿಕ್ತು, ನಾಳೆ ಹಾಕ್ತೀನಿ" ಅಂದುಕೊಂಡವರು ವೆಲ್ಡಿಂಗ್ ಅಂಗಡಿ ಮುಂದೆ ನಿಲ್ಲುವುದು ಇದಕ್ಕೇ.

ಇನ್ನೊಂದು ಮಾತು. ಮಸ್ಟ್ಯಾಂಗ್ 1964ರ ಏಪ್ರಿಲ್‌ನಲ್ಲಿ ಬಂದಾಗ ಅದರ ಅಡಿಯಲ್ಲಿ ಫಾಲ್ಕನ್ ಕಾರಿನ ಸರಕೇ ಜಾಸ್ತಿ ಇತ್ತು. ಕಮಾರೊ, ಫೈರ್‌ಬರ್ಡ್ ಒಂದೇ ಬಾಡಿಯ ಅಣ್ಣ ತಮ್ಮಂದಿರು. ಇದನ್ನು ಕೇಳಿ "ಹಾಗಾದ್ರೆ ಸೀಟೂ ಒಂದೇ" ಅಂತ ತೀರ್ಮಾನ ಮಾಡಬೇಡಿ. ಕುಶನ್ನಿನ ಚೌಕಟ್ಟು ಒಂದೇ ಇದ್ದು ಹಳಿ ಬೇರೆಯಾಗಿರುವುದು ಮಾಮೂಲು. ಹಾಗಿದ್ದರೆ ಅದು ಕೆಟ್ಟ ಸುದ್ದಿಯೂ ಅಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೋಲ್ಟಿನ ತೂತುಗಳು ಕೂಡುತ್ತಿಲ್ಲ

ಎಲ್ಲರಿಗೂ ಬರುವ ತೊಂದರೆ ಇದು. ಡ್ರಿಲ್ ಮೆಷಿನ್ ಕೈಗೆತ್ತಿಕೊಳ್ಳುವ ಮೊದಲು ಒಂದು ಕಾರ್ಡ್‌ಬೋರ್ಡ್ ಹುಡುಕಿ. ಫ್ರಿಜ್ ಬಂದ ಡಬ್ಬದ್ದಾದರೆ ಇನ್ನೂ ಒಳ್ಳೆಯದು.

ಅದನ್ನು ನೆಲದ ಮೇಲೆ ಹಾಸಿ, ನಾಲ್ಕೂ ತೂತಿನ ಜಾಗದಲ್ಲಿ ಪೆನ್ಸಿಲ್‌ನಿಂದ ಚುಚ್ಚಿ. ಬಾಗಿಲು ಯಾವ ಕಡೆ, ಮುಂದೆ ಯಾವ ಕಡೆ ಅಂತ ಅದರ ಮೇಲೇ ಬರೆಯಿರಿ. ಆಮೇಲೆ ಸೀಟನ್ನು ತಲೆಕೆಳಗೆ ಮಾಡಿ ಅದರ ಕಾಲಿನ ಮೇಲೆ ಈ ಹಾಳೆ ಇಡಿ. ಇಲ್ಲೊಂದು ಮೋಸ ಇದೆ. ಸೀಟು ತಲೆಕೆಳಗಾದಾಗ ಹಾಳೆಯನ್ನೂ ಮಗುಚಬೇಕು, ಇಲ್ಲದಿದ್ದರೆ ಎಡ ಬಲ ಅದಲುಬದಲಾಗುತ್ತದೆ. ನಾನು ಮೊದಲ ಸಲ ಮಗುಚದೆ ಅಳೆದು, ಚೆನ್ನಾಗಿ ಹೊಂದುತ್ತಿದ್ದ ಸೀಟನ್ನೇ "ಆಗಲ್ಲ" ಅಂತ ವಾಪಸ್ ಕೊಟ್ಟು ಬಂದಿದ್ದೆ.

ಈಗ ಆರು ಅಳತೆ ತೆಗೆಯಿರಿ: ಮುಂದಿನೆರಡು ತೂತಿನ ಅಂತರ, ಹಿಂದಿನೆರಡರದು, ಎಡದ ಉದ್ದ, ಬಲದ ಉದ್ದ, ಮೂಲೆಯಿಂದ ಮೂಲೆಗೆ ಎರಡು. ವ್ಯತ್ಯಾಸ ಎಷ್ಟು ಅನ್ನುವುದರಲ್ಲೇ ಉತ್ತರ ಇರುತ್ತದೆ.

ಮೂರು ಮಿಲಿಮೀಟರ್ ಒಳಗಿದ್ದರೆ ಅದು ತೊಂದರೆಯೇ ಅಲ್ಲ. ಒಂದು ಬೋಲ್ಟನ್ನು ಪೂರ್ತಿ ಬಿಗಿದು ಮಿಕ್ಕ ಮೂರನ್ನು ಹುಡುಕುತ್ತಿದ್ದೀರಿ, ಅಷ್ಟೇ. ನಾಲ್ಕನ್ನೂ ಸಡಿಲವಾಗಿ ಎರಡೆರಡು ಸುತ್ತು ಹಾಕಿ, ಸೀಟು ಅಲ್ಲಾಡಿಸಿ, ಆಮೇಲೆ ಬಿಗಿಯಿರಿ.

ಉದ್ದಗಲ ಎಲ್ಲ ಸರಿಯಿದ್ದು ಮೂಲೆಯ ಅಳತೆ ಮಾತ್ರ ತಪ್ಪಿದರೆ ಒಂದು ಹಳಿ ಮುಂದೆ, ಇನ್ನೊಂದು ಹಿಂದೆ ನಿಂತಿದೆ. ಎರಡನ್ನೂ ಒಂದೇ ಹಲ್ಲಿನಲ್ಲಿ ನಿಲ್ಲಿಸಿ ಮತ್ತೆ ಅಳೆಯಿರಿ. ಹತ್ತರಲ್ಲಿ ಆರೇಳು ಜನಕ್ಕೆ ಇಲ್ಲೇ ಮುಗಿಯುತ್ತದೆ ಅಂತ ನನ್ನ ಅಂದಾಜು. ಮುಗಿಯದಿದ್ದರೆ ಚೌಕಟ್ಟು ಸೊಟ್ಟಗಾಗಿರಬಹುದು. ಅಪಘಾತ ಆದ ಕಾರಿನಿಂದ ಬಂದ ಸೀಟಿರಬಹುದು, ಹಾಗಾದರೆ ಅದನ್ನು ಬಿಟ್ಟುಬಿಡಿ.

ಎಡ ಬಲ ಅಗಲವೇ ಅರ್ಧ ಇಂಚಿಗಿಂತ ಜಾಸ್ತಿ ತಪ್ಪಿದರೆ ಹಳಿಯೇ ಬೇರೆ ಕುಲದ್ದು. ಆಗ ಮಾಡಬೇಕಾದ್ದು ತೂತು ಕೊರೆಯುವುದಲ್ಲ. ನಿಮ್ಮ ಹಳೆ ಸೀಟನ್ನು ತಲೆಕೆಳಗೆ ಮಾಡಿ, ಅದರ ಹಳಿ ಬಿಚ್ಚಿ, ಹೊಸ ಸೀಟಿನ ಅಡಿಗೆ ಹಿಡಿದು ನೋಡಿ. ಮುಂಚೆ ಹೇಳಿದೆನಲ್ಲ, ಒಂದೇ ಕಂಪನಿಯ ಸೀಟುಗಳಲ್ಲಿ ಚೌಕಟ್ಟು ಒಂದೇ ಇದ್ದು ಹಳಿ ಬೇರೆ ಇರುವುದು ಮಾಮೂಲು ಅಂತ. ನಿಮ್ಮ ಹಳಿ ಕೂತರೆ ಕೆಲಸ ಮುಗಿಯಿತು, ಖರ್ಚು ಸೊನ್ನೆ. ಅದಕ್ಕೇ ಹಳೆ ಸೀಟನ್ನು ಮಾರುವ ಅವಸರ ಬೇಡ, ಕನಿಷ್ಠ ಹಳಿ ಇಟ್ಟುಕೊಳ್ಳಿ.

ಅದೂ ಕೂರದಿದ್ದರೆ ಅಡಾಪ್ಟರ್ ಪಟ್ಟಿ. ಐದು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯಲ್ಲಿ ಎರಡು ಜೋಡಿ ತೂತು: ಒಂದು ಜೋಡಿ ಕಾರಿನ ನೆಲಕ್ಕೆ, ಇನ್ನೊಂದು ಹಳಿಗೆ. ಅಲ್ಯೂಮಿನಿಯಂ ಪಟ್ಟಿ ಬೇಡ. ಇದ್ದ ತೂತನ್ನೇ ಫೈಲ್ ಹಾಕಿ ಉದ್ದ ಮಾಡುವುದಂತೂ ಬೇಡವೇ ಬೇಡ. ಉದ್ದ ತೂತಿನಲ್ಲಿ ಬೋಲ್ಟ್ ಎಷ್ಟು ಬಿಗಿದರೂ ಒಂದು ದಿನ ಸರಿಯುತ್ತದೆ.

ಇದರ ಜೊತೆ ಇನ್ನೊಂದು ವಿಷಯ. ಹಳೆ ಅಮೆರಿಕನ್ ಕಾರಿನ ಬೋಲ್ಟು ಇಂಚಿನ ಲೆಕ್ಕದ್ದು. 90ರ ದಶಕದ ಸೀಟಿನ ಜೊತೆ ಬರುವುದು ಮೆಟ್ರಿಕ್. 5/16 ಇಂಚಿನ ತೂತಿಗೆ 8 ಮಿಲಿಮೀಟರ್ ಬೋಲ್ಟು ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ತುಕ್ಕು ಇರಬೇಕು" ಅಂತ ಜೋರು ಮಾಡಿದರೆ ನೆಲದ ಕಡೆಯ ಥ್ರೆಡ್ ಹಾಳು. ಒಂದರ ವ್ಯಾಸ 7.94 ಮಿ.ಮೀ., ಇನ್ನೊಂದರದು 8. ವ್ಯಾಸ ಹತ್ತಿರ ಇದ್ದರೂ ಹಲ್ಲಿನ ಅಂತರ ಬೇರೆ. ಕೈಬೆರಳಲ್ಲಿ ಐದಾರು ಸುತ್ತು ಹೋಗದ ಬೋಲ್ಟಿಗೆ ಪಾನಾ ಹಾಕಬೇಡಿ.

1973ರ ಸುಮಾರಿಗೆ ಮಾಂಟೆ ಕಾರ್ಲೊದಂಥ ಕೆಲವು ಶೆವರ್ಲೆಗಳಲ್ಲಿ ಬಾಗಿಲ ಕಡೆಗೆ ತಿರುಗುವ ಬಕೆಟ್ ಸೀಟು ಬಂದಿತ್ತು. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಅದರ ಪೀಠವೇ ಬೇರೆ ಥರ. ಬೇರೆ ನೆಲಕ್ಕೆ ಹಾಕಲು ಹೊರಟವರು ಮೊದಲು ಫ್ಯಾಬ್ರಿಕೇಟರ್ ಹತ್ತಿರ ಮಾತಾಡಿ, ಆಮೇಲೆ ದುಡ್ಡು ಕೊಡಿ.

ತಲೆ ಸೂರಿಗೆ ತಾಗುತ್ತದೆ, ತೊಡೆ ಸ್ಟೀರಿಂಗ್‌ಗೆ ಸಿಕ್ಕಿಕೊಳ್ಳುತ್ತದೆ

ಕೂತ ತಕ್ಷಣ ಗೊತ್ತಾಗುವ ಲಕ್ಷಣ. ಆದರೆ ಮೊದಲ ದಿನವೇ ತೀರ್ಮಾನ ಬೇಡ. ಹೊಸ ಫೋಮ್ ಹಾಕಿದ ಸೀಟು ಮೊದಮೊದಲು ಎತ್ತರವೇ. ನಿಮ್ಮ ಹಳೆ ಸೀಟು ಐವತ್ತು ವರ್ಷ ಕೂತು ಕೂತು ತಗ್ಗಿತ್ತು ಅನ್ನುವುದನ್ನೂ ಮರೆಯಬೇಡಿ. ಒಂದೆರಡು ವಾರ ಓಡಿಸಿ.

ಆಮೇಲೂ ಹಾಗೇ ಇದ್ದರೆ ಎರಡು ಸೀಟನ್ನೂ ಪಕ್ಕಪಕ್ಕ ಸಮ ನೆಲದ ಮೇಲಿಟ್ಟು, ಒಬ್ಬರೇ ಕೂತು, ನೆಲದಿಂದ ಸೊಂಟದ ತನಕ ಅಳೆಸಿಕೊಳ್ಳಿ. ಖಾಲಿ ಸೀಟಿನ ಎತ್ತರ ಅಳೆಯುವುದರಲ್ಲಿ ಅರ್ಥವಿಲ್ಲ. ಹಳಿಯಿಂದ ಮೇಲಿನ ಎತ್ತರ ಒಂದೇ ಇದ್ದರೆ ತಪ್ಪು ಹಳಿಯದು. ಹಿಂದೆ ಯಾರಾದರೂ ಹಳಿ ಅಡಿಗೆ ವಾಷರ್ ಗುಡ್ಡೆ ಅಥವಾ ಕೊಳವೆ ತುಂಡು ಇಟ್ಟಿದ್ದಾರಾ ನೋಡಿ. ಕುಳ್ಳಗಿನ ಮಾಲೀಕರಿದ್ದ ಕಾರುಗಳಲ್ಲಿ ಇದು ಸಿಗುತ್ತದೆ.

ಎತ್ತರ ಕಡಿಮೆ ಮಾಡಲು ನೆಲದ ಪೀಠ ಕತ್ತರಿಸುವ ಐಡಿಯಾ ಎಲ್ಲರಿಗೂ ಬರುತ್ತದೆ. ಮಸ್ಟ್ಯಾಂಗ್‌ನಂಥ ಕಾರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಸೀಟಿನ ಪೀಠ ಬಾಗಿಲ ಕೆಳಗಿನ ಪೆಟ್ಟಿಗೆಗೂ ಟನಲ್‌ಗೂ ನಡುವೆ ಅಡ್ಡ ತೊಲೆಯ ಹಾಗೆ ಕೆಲಸ ಮಾಡುತ್ತದೆ. ಕತ್ತರಿಸಿದರೆ ಕಾರಿನ ಬಿಗಿಯೇ ಹೋಗುತ್ತದೆ. ಕುಶನ್ನಿನ ಫೋಮ್ ತೆಳ್ಳಗೆ ಮಾಡಿಸಿ, ಅದು ಅಗ್ಗವೂ ಹೌದು.

ಸೀಟು ಎತ್ತರಕ್ಕಿಂತ ಹೆಚ್ಚಾಗಿ ಬಾಗಿಲ ಕಡೆಗೆ ಅಥವಾ ಟನಲ್ ಕಡೆಗೆ ವಾಲಿದ್ದರೆ ಕಾರಣ ಬೇರೆ. ಒಳಗಿನ ಹಳಿ, ಹೊರಗಿನ ಹಳಿ ಎಷ್ಟೋ ಕಾರಲ್ಲಿ ಒಂದೇ ಎತ್ತರ ಇರುವುದಿಲ್ಲ. ನೆಲ ಟನಲ್ ಕಡೆಗೆ ಏರುತ್ತದೆ, ಅದಕ್ಕೆ ತಕ್ಕ ಹಾಗೆ ಮಾಡಿರುತ್ತಾರೆ. ಡ್ರೈವರ್ ಸೀಟಿನ ಹಳಿ ಪ್ಯಾಸೆಂಜರ್ ಸೀಟಿಗೆ ಹೋದರೆ ವಾಲುತ್ತದೆ, ಜೊತೆಗೆ ಸರಿಸುವ ಹಿಡಿಕೆ ಬಾಗಿಲ ಕಡೆ ಇರುವ ಬದಲು ಟನಲ್ ಕಡೆ ಬರುತ್ತದೆ. ಹಿಡಿಕೆ ಎಲ್ಲಿದೆ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಸೀಟು ಸರಿಯುತ್ತಿಲ್ಲ, ಇಲ್ಲವೇ ಒಂದೇ ಬದಿ ಸರಿಯುತ್ತದೆ

ನೆಲಕ್ಕೆ ಬಿಗಿಯುವ ಮೊದಲು ಸಲೀಸಾಗಿ ಸರಿಯುತ್ತಿತ್ತಾ? ಹೌದಾದರೆ ನಾಲ್ಕೂ ಬೋಲ್ಟು ಅರ್ಧ ಸುತ್ತು ಸಡಿಲ ಮಾಡಿ ಮತ್ತೆ ಸರಿಸಿ. ಈಗ ಸರಿದರೆ ಎರಡು ಹಳಿ ಒಂದಕ್ಕೊಂದು ಸಮಾನಾಂತರವಾಗಿಲ್ಲ. ಬಿಗಿದಾಗ ಒಂದು ಇನ್ನೊಂದನ್ನು ಹಿಚುಕುತ್ತಿದೆ. ಸೀಟನ್ನು ಪೂರ್ತಿ ಮುಂದೆ ತಂದು ಹಿಂದಿನ ಬೋಲ್ಟು, ಪೂರ್ತಿ ಹಿಂದೆ ತಳ್ಳಿ ಮುಂದಿನ ಬೋಲ್ಟು ಬಿಗಿಯಿರಿ. ಹಾಗೆ ಮಾಡಿದರೆ ಹಳಿ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ.

ಬಿಗಿಯುವ ಮೊದಲೇ ಒಂದೇ ಬದಿ ಬಿಡುತ್ತಿದ್ದರೆ ಸೀಟಿನ ಅಡಿ ಕೈ ಹಾಕಿ ನೋಡಿ. ಹಿಡಿಕೆ ಇರುವ ಹಳಿಯಿಂದ ಇನ್ನೊಂದು ಹಳಿಗೆ ಒಂದು ತಂತಿ ಹೋಗಿರುತ್ತದೆ. ಹಿಡಿಕೆ ಎಳೆದಾಗ ಎರಡೂ ಕೊಂಡಿ ಒಟ್ಟಿಗೆ ಬಿಡಲಿ ಅಂತ. ತಂತಿ ಇಲ್ಲದೆಯೋ ಜೋಲು ಬಿದ್ದೋ ಇದ್ದರೆ ಒಂದು ಬದಿ ಕಚ್ಚಿಕೊಂಡೇ ಇರುತ್ತದೆ. ಇದು ಕೆಲವೇ ಡಾಲರ್‌ನ ತಂತಿ. ಇದರ ಉಲ್ಟಾ ಲಕ್ಷಣವೇ ಅಪಾಯದ್ದು: ಒಂದು ಬದಿ ಕಚ್ಚುವುದೇ ಇಲ್ಲ. ಹಿಡಿಕೆ ಬಿಟ್ಟ ಮೇಲೆ ಕಾಲೂರಿ ಸೀಟನ್ನು ಹಿಂದೆ ಮುಂದೆ ಜೋರಾಗಿ ನೂಕಿ. ಎರಡು ಕಡೆಯೂ "ಟಕ್" ಅಂತ ಕಚ್ಚಬೇಕು. ಕಚ್ಚದ ಸೀಟಿನಲ್ಲಿ ಕಾರು ಗೇಟಿನ ಆಚೆ ಹೋಗಬಾರದು. ಕ್ಲಚ್ ಒತ್ತಿದಾಗ ಸೀಟು ಹಿಂದಕ್ಕೆ ಜಾರಿದರೆ ಬ್ರೇಕ್ ಪೆಡಲ್ ಕಾಲಿಗೆ ಸಿಗುವುದಿಲ್ಲ.

ಗ್ರೀಸ್ ಮೆತ್ತಿ ಸುಮ್ನೆ ಬಿಡುವ ಮೊದಲು ಹಳಿಯೊಳಗಿನ ಕಸ ತೆಗೆಯಿರಿ. ನನ್ನದರಲ್ಲಿ 1968ರ ಒಂದು ಸೆಂಟ್ ನಾಣ್ಯ, ಎರಡು ಹೇರ್‌ಪಿನ್ ಸಿಕ್ಕಿದವು.

ಹೊರಡುವಾಗ, ಬ್ರೇಕ್ ಹಾಕುವಾಗ "ಕಟ್" ಅನ್ನುತ್ತದೆ

ಈ ಲಕ್ಷಣವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅದರಲ್ಲಿ ಅಗ್ಗದ ಕಾರಣವೂ ಇದೆ, ಭಯಂಕರ ಕಾರಣವೂ ಇದೆ, ಶಬ್ದ ಮಾತ್ರ ಎರಡಕ್ಕೂ ಒಂದೇ.

ಕಾರು ನಿಲ್ಲಿಸಿ. ಒಬ್ಬರು ಸೀಟಿನಲ್ಲಿ ಕೂತು ಹಿಂದೆ ಮುಂದೆ ತೂಗಲಿ. ನೀವು ಹಿಂದಿನ ಕಾಲಜಾಗದಲ್ಲಿ ಕೂತು ಟಾರ್ಚ್ ಹಿಡಿದು ಮೂರು ಕೀಲು ನೋಡಿ. ಕುಶನ್ನು ಹಳಿಯ ಮೇಲೆ ಅಲ್ಲಾಡುತ್ತಿದೆಯಾ? ಹಳಿಯ ಮೇಲ್ಭಾಗ ಕೆಳಭಾಗದ ಒಳಗೆ ಅಲ್ಲಾಡುತ್ತಿದೆಯಾ? ಅಥವಾ ಹಳಿಯ ಜೊತೆ ನೆಲವೂ ಎದ್ದು ಬೀಳುತ್ತಿದೆಯಾ?

ಮೊದಲನೆಯದಾದರೆ ಹಳಿಯನ್ನು ಚೌಕಟ್ಟಿಗೆ ಹಿಡಿದ ಬೋಲ್ಟು ಸಡಿಲ. ಬಿಗಿದರೆ ಆಯಿತು. ಎರಡನೆಯದಾದರೆ ಹಳಿಯ ಉರುಳೆ ಸವೆದಿದೆ. ಅದನ್ನು ತಟ್ಟಿ ಸಣ್ಣ ಮಾಡುವವರಿದ್ದಾರೆ, ನಾನು ಮಾಡಿಸುವುದಿಲ್ಲ. ಮಸ್ಟ್ಯಾಂಗ್, ಕಮಾರೊಗೆಲ್ಲ ಹೊಸ ಹಳಿ ಇಂದಿಗೂ ತಯಾರಾಗುತ್ತವೆ.

ಮೂರನೆಯದಾದರೆ ಕಾರ್ಪೆಟ್ ಎತ್ತಲೇಬೇಕು. ಕಾರ್ಪೆಟ್ ಅಡಿ ಗೋಣಿಯಂಥ ಹಾಸು ಇರುತ್ತದೆ, ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ಒಣಗುವುದಿಲ್ಲ. ನೀರು ಬರುವುದು ಸಾಮಾನ್ಯವಾಗಿ ವಿಂಡ್‌ಶೀಲ್ಡ್ ಕೆಳಗಿನ ಗಾಳಿಪೆಟ್ಟಿಗೆಯಿಂದ. ಅರವತ್ತರ ದಶಕದ ಮಸ್ಟ್ಯಾಂಗ್‌ಗೆ ಅದು ಹಳೆ ಕಾಯಿಲೆ. ಸ್ಕ್ರೂಡ್ರೈವರ್ ತುದಿಯಿಂದ ಬೋಲ್ಟಿನ ಸುತ್ತ ಒತ್ತಿ ನೋಡಿ. ಗಟ್ಟಿ ತಗಡು "ಠಣ್" ಅನ್ನುತ್ತದೆ. ಹಪ್ಪಳದಂತೆ ಒಳಗೆ ಹೋದರೆ ಅಲ್ಲಿ ತಗಡೇ ಇಲ್ಲ, ಬಣ್ಣ ಮತ್ತು ಟಾರು ಮಾತ್ರ. ಬೋಲ್ಟಿನ ಸುತ್ತ ನಕ್ಷತ್ರದ ಆಕಾರದಲ್ಲಿ ಸೀಳು ಕಂಡರೂ ಅಷ್ಟೇ ಕೆಟ್ಟದ್ದು.

ಇಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ, ಟಿಂಕರಿಂಗ್ ಗೊತ್ತಿರುವವರ ಹತ್ತಿರ ಹೋಗಿ. ದೊಡ್ಡ ವಾಷರ್ ಹಾಕಿ ಮುಚ್ಚುವುದು ರಿಪೇರಿ ಅಲ್ಲ. ನಾನು ಎರಡನೇ ಸಲ ಸೋತದ್ದು ಇಲ್ಲೇ. ಶಬ್ದ ಬಂದಾಗ "ಹೊಸ ಸೀಟಿನದೇ ದೋಷ" ಅಂತ ಮಾರಿದವನನ್ನು ಬೈದುಕೊಂಡು ಓಡಾಡಿದೆ. ಸೀಟಿನದೇನೂ ತಪ್ಪಿರಲಿಲ್ಲ. ಹಳೆ ಸೀಟಿದ್ದಾಗಲೂ ನೆಲ ಕೊಳೆತೇ ಇತ್ತು, ತುಕ್ಕಿಗೆ ಕಚ್ಚಿಕೊಂಡಿದ್ದ ನಟ್ಟುಗಳು ಅದನ್ನು ಹಿಡಿದಿದ್ದವು. ಬಿಚ್ಚಿದ ಮೇಲೆ ಬಂಡವಾಳ ಬಯಲಾಯಿತು.

ನೀವೇ ವೆಲ್ಡಿಂಗ್ ಮಾಡುವವರಾದರೆ: ನೆಲದ ಅಡಿಯಲ್ಲಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹೋಗಿರುತ್ತವೆ. ನೆಲದ ಮೇಲೆ ಟಾರು, ಗೋಣಿಹಾಸು, ಕಾರ್ಪೆಟ್. ಎಲ್ಲವೂ ಉರಿಯುವ ಸಾಮಾನು. ಮೇಲೆ ಕೆರೆದು, ಕೆಳಗೆ ನೋಡಿ, ಬ್ಯಾಟರಿ ಕಳಚಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟು ಆಮೇಲೆ ಕಿಡಿ ಹಾರಿಸಿ. ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ.

ಬ್ರೇಕ್ ಒತ್ತಿದರೆ ಸೀಟಿನ ಬೆನ್ನು ಮುಂದೆ ಬಗ್ಗುತ್ತದೆ

ಎರಡು ಬಾಗಿಲಿನ ಕಾರಿನಲ್ಲಿ ಹಿಂದೆ ಹತ್ತಲು ಸೀಟಿನ ಬೆನ್ನು ಮಡಚಬೇಕು. 60ರ ದಶಕದ ಮೊದಲರ್ಧದ ಸೀಟುಗಳಲ್ಲಿ ಆ ಬೆನ್ನಿಗೆ ಕೊಂಡಿಯೇ ಇರಲಿಲ್ಲ, ತನ್ನ ಭಾರಕ್ಕೆ ತಾನು ನಿಲ್ಲುತ್ತಿತ್ತು. ಹಾಗಾಗಿ ನಿಮ್ಮ ಸೀಟಿನಲ್ಲಿ ಏನೂ ಕೆಟ್ಟಿಲ್ಲದಿರಬಹುದು. ಅದು ಹುಟ್ಟಿದ್ದೇ ಹಾಗೆ. 1968ರಿಂದ ಅಮೆರಿಕದ ಸುರಕ್ಷತಾ ನಿಯಮದ ಪ್ರಕಾರ ಮಡಚುವ ಬೆನ್ನಿಗೆ ತಾನಾಗಿ ಕಚ್ಚುವ ಕೊಂಡಿ ಕಡ್ಡಾಯವಾಯಿತು. 1969ರ ಜನವರಿ 1ರಿಂದ ಮುಂದಿನ ಸೀಟಿಗೆ ತಲೆದಿಂಬೂ ಕಡ್ಡಾಯ. ಅದಕ್ಕೇ 1969ರ ಮಾಡೆಲ್ ಆದರೂ 68ರ ಕೊನೆಯಲ್ಲಿ ತಯಾರಾದ ಕಾರಿನಲ್ಲಿ ತಲೆದಿಂಬು ಇಲ್ಲದಿರಬಹುದು. ಮಾರುವವನು ಸುಳ್ಳು ಹೇಳುತ್ತಿದ್ದಾನೆ ಅಂತ ಅಂದುಕೊಳ್ಳಬೇಡಿ.

ನನ್ನ ಕಾರಿಗೆ ಹೊಸ ಸೀಟು ಹುಡುಕುವ ಹಾಗಿದ್ದರೆ ನಾನು ಕೊಂಡಿ, ತಲೆದಿಂಬು ಎರಡೂ ಇರುವುದನ್ನೇ ಹುಡುಕುತ್ತೇನೆ, ಅಸಲಿ ಅಲ್ಲ ಅಂತ ಯಾರು ಮೂಗು ಮುರಿದರೂ ಸರಿ. ಹಿಂದಿನಿಂದ ಗುದ್ದಿದಾಗ ಗಿಡ್ಡ ಬೆನ್ನಿನ ಸೀಟಿನಲ್ಲಿ ಕತ್ತಿಗೆ ಆಸರೆಯೇ ಇಲ್ಲ.

ಕೊಂಡಿ ಇದ್ದೂ ಕಚ್ಚದಿದ್ದರೆ ಬೆನ್ನಿನ ಕೀಲಿನ ಬುಶ್ ಸವೆದು ಬೆನ್ನು ಪಕ್ಕಕ್ಕೆ ಜಾರಿರುತ್ತದೆ, ಕೊಂಡಿ ಗೂಟಕ್ಕೆ ಸಿಗುತ್ತಿಲ್ಲ. ಬುಶ್ ಬದಲಿಸಿ.

ಉಲ್ಟಾ ದೂರೂ ಇದೆ: "ಬೆನ್ನು ಮಡಚುತ್ತಲೇ ಇಲ್ಲ, ಹಿಂದೆ ಹತ್ತೋದು ಹೇಗೆ?" 1955ರಿಂದ 57ರ ಶೆವರ್ಲೆಯವರು ಇದನ್ನು ಕೇಳುತ್ತಾರೆ. ನಾಲ್ಕು ಬಾಗಿಲಿನ ಕಾರಿನ ಬೆಂಚು ಎರಡು ಬಾಗಿಲಿನದಕ್ಕೆ ಬಂದಿದೆ. ಅದರ ಬೆನ್ನು ಒಂದೇ ತುಂಡು, ಮಡಚುವುದಿಲ್ಲ. ರಿಪೇರಿ ಇಲ್ಲ, ಸೀಟು ವಾಪಸ್.

ಬೆಲ್ಟಿನ ಬಕಲ್ ಸಿಗುತ್ತಿಲ್ಲ, ಅಥವಾ ಸೀಟಿನ ಜೊತೆಗೇ ಬಂದಿದೆ

ಹಳೆ ಕಾರಿನಲ್ಲಿ ಬೆಲ್ಟು ನೆಲಕ್ಕೆ ಬಿಗಿದಿರುತ್ತದೆ, ಸೀಟಿಗಲ್ಲ. ಅಗಲದ ಸೀಟು ಬಂದಾಗ ಬಕಲ್ ಕುಶನ್ನಿನ ಸಂದಿಯಲ್ಲಿ ಹೂತು ಹೋಗುತ್ತದೆ. ಆಗ ಉದ್ದ ಬಕಲ್ ಸಿಗುತ್ತದೆ, ಹಾಕಿಸಿ. ನೆಲದ ಬೆಲ್ಟ್ ಬೋಲ್ಟು 7/16 ಇಂಚು, ಸಣ್ಣ ಥ್ರೆಡ್ಡು. ತಲೆಯ ಮೇಲೆ ಆರು ಗೀಟು ಇರುವ ಗ್ರೇಡ್ 8ರದ್ದೇ ಬೇಕು. ಮೂರು ಗೀಟು ಅಂದರೆ ಗ್ರೇಡ್ 5. ಹಾರ್ಡ್‌ವೇರ್ ಅಂಗಡಿಯ ಥಳಥಳ ಸ್ಟೇನ್‌ಲೆಸ್ ಬೋಲ್ಟು ನೋಡಲು ಚೆಂದ, ಗಟ್ಟಿಯಲ್ಲಿ ಕಡಿಮೆ.

ಹೊಸ ಕಾಲದ ಸೀಟು ಹಾಕಿದವರು ಈ ಭಾಗವನ್ನು ನಿಧಾನವಾಗಿ ಓದಿ. 90ರ ದಶಕದ ಎಷ್ಟೋ ಸೀಟುಗಳಲ್ಲಿ ಬಕಲ್ ಹಳಿಗೇ ಇರುತ್ತದೆ. ಕ್ರೈಸ್ಲರ್ ಸೆಬ್ರಿಂಗ್ ಕನ್ವರ್ಟಿಬಲ್‌ನ ಮುಂದಿನ ಸೀಟಿನಲ್ಲಂತೂ ಭುಜದ ಬೆಲ್ಟು ಕೂಡ ಸೀಟಿನ ಬೆನ್ನೊಳಗೇ ಇದೆ. "ಭುಜದ ಬೆಲ್ಟು ಬಿಟ್ಟಿ ಸಿಕ್ತು" ಅಂತ ಹಳೆ ಕಾರಿಗೆ ಹಾಕುವವರು ತುಂಬಾ ಜನ. ಲೆಕ್ಕ ನೋಡಿ. ಅಮೆರಿಕದ ನಿಯಮ ಸೀಟಿಗೆ ಕೇಳುವುದು ತನ್ನ ತೂಕದ 20 ಪಟ್ಟು ಬಲ ತಡೆಯುವಷ್ಟು ಗಟ್ಟಿತನ. ಸೊಂಟದ ಬೆಲ್ಟಿನ ಆಧಾರಕ್ಕೆ ಕೇಳುವುದು 5,000 ಪೌಂಡು, ಅಂದರೆ ಸುಮಾರು 2,270 ಕೆಜಿ ಬಲ. ನೆಲಕ್ಕೆ ಬಿಗಿದ ಬೆಲ್ಟಿನಲ್ಲಿ ಈ ಎರಡು ಭಾರ ಬೇರೆ ಬೇರೆ ಜಾಗಕ್ಕೆ ಹೋಗುತ್ತವೆ. ಸೀಟಿನಲ್ಲೇ ಬೆಲ್ಟಿದ್ದರೆ ಮನುಷ್ಯನ ಭಾರವೂ ಸೀಟಿನ ನಾಲ್ಕು ಬೋಲ್ಟಿನ ಮೂಲಕವೇ ನೆಲಕ್ಕೆ ಹೋಗಬೇಕು. ಸೆಬ್ರಿಂಗ್‌ನ ನೆಲವನ್ನು ಅದಕ್ಕಾಗಿಯೇ ಮಾಡಿದ್ದಾರೆ. 1965ರ ಕಾರಿನ ನೆಲ ಸುಮಾರು ಒಂದು ಮಿಲಿಮೀಟರ್ ತಗಡು. ಅಪಘಾತದಲ್ಲಿ ಸೀಟು, ಬೆಲ್ಟು, ಮನುಷ್ಯ ಎಲ್ಲ ಒಟ್ಟಿಗೆ ಕಿತ್ತುಕೊಂಡು ಬರಬಹುದು.

ಹಾಗಾಗಿ ನನ್ನ ಮಾತು ನೇರ. ಬೆಲ್ಟು ಸೀಟಿನಲ್ಲೇ ಇರುವ ಸೀಟನ್ನು ಮನೆಯಲ್ಲಿ ಹಾಕಬೇಡಿ. ಹಳಿಗೆ ಬಕಲ್ ಇರುವ ಸೀಟಾದರೆ ಆ ಬಕಲ್ ತೆಗೆದು, ಕಾರಿನ ನೆಲದ ಆಧಾರದಿಂದಲೇ ಬೆಲ್ಟು ತನ್ನಿ. ಹೊಸ ತೂತು ಮಾಡಲೇಬೇಕಾಗಿ ಬಂದರೆ ಅಡಿಯಲ್ಲಿ ಕನಿಷ್ಠ 3 ಮಿಲಿಮೀಟರ್ ದಪ್ಪದ, ಅಂಗೈ ಅಗಲದ ಉಕ್ಕಿನ ಪ್ಲೇಟು ಇರಲಿ, ಅದನ್ನೂ ಅನುಭವ ಇರುವವರಿಂದ ಹಾಕಿಸಿ.

90ರ ದಶಕದ ಕೊನೆಯಿಂದ ಈಚಿನ ಸೀಟಾದರೆ ಪಕ್ಕದಲ್ಲಿ ಏರ್‌ಬ್ಯಾಗ್ ಇರಬಹುದು. ಹೊಲಿಗೆಯ ಪಕ್ಕ ಸಣ್ಣ ಚೀಟಿ, ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಮೀಟರ್ ಹಚ್ಚಿ ಪರೀಕ್ಷೆ ಮಾಡಬೇಡಿ. ಕಾರಿಗೆ ಜೋಡಿಸದಿದ್ದರೂ ಅದರೊಳಗಿನ ಮದ್ದು ಜೀವಂತವೇ. ತರಬೇತಿ ಇದ್ದವರು ತೆಗೆಯಲಿ.

ಮಿಕ್ಕ ಸಣ್ಣಪುಟ್ಟವು

ಹಿಂದಿನ ಸೀಟು ಕೂರುತ್ತಿಲ್ಲವೇ? ಮಸ್ಟ್ಯಾಂಗ್‌ನಲ್ಲಿ ಕೂಪೆ, ಫಾಸ್ಟ್‌ಬ್ಯಾಕ್ (ಸೂರು ಹಿಂದಕ್ಕೆ ಇಳಿಜಾರಾಗಿರುವುದು), ಕನ್ವರ್ಟಿಬಲ್ ಮೂರಕ್ಕೂ ಹಿಂದಿನ ಸೀಟು ಬೇರೆ. ಕನ್ವರ್ಟಿಬಲ್‌ನದು ಕಿರಿದು, ಮಡಚುವ ಚಾವಣಿಗೆ ಎರಡು ಪಕ್ಕದಲ್ಲೂ ಜಾಗ ಬೇಕಲ್ಲ. ಫಾಸ್ಟ್‌ಬ್ಯಾಕ್‌ನದು ಸಾಮಾನ್ಯವಾಗಿ ಮಡಚುವಂಥದ್ದು. ಇಲ್ಲಿ ಹೊಂದಿಸುವ ಪ್ರಯತ್ನವೇ ದಂಡ.

ಕವರಿನಲ್ಲಿ ನಿರಿಗೆ ಬಂದರೆ ಒಂದು ಗಂಟೆ ಬಿಸಿಲಿಗಿಡಿ. ಹೋಗದಿದ್ದರೆ ಕವರು ಬೇರೆ ವರ್ಷದ್ದು.

ಪವರ್ ಸೀಟು ನಿಧಾನವಾಗಿ ನರಳುತ್ತಿದ್ದರೆ ಕಾರಿನ ವೋಲ್ಟೇಜ್ ನೋಡಿ. ಫೋರ್ಡ್, ಕ್ರೈಸ್ಲರ್ 12 ವೋಲ್ಟಿಗೆ ಬಂದದ್ದು 1956ರಲ್ಲಿ, ಶೆವರ್ಲೆ 1955ರಲ್ಲಿ. ಅದಕ್ಕೂ ಹಿಂದಿನ 6 ವೋಲ್ಟ್ ಕಾರಿಗೆ 12 ವೋಲ್ಟಿನ ಮೋಟಾರು ಏಗುವುದಿಲ್ಲ. 12 ವೋಲ್ಟ್ ಕಾರಾದರೆ ಸಿಗರೇಟ್ ಲೈಟರ್‌ನಿಂದ ಕರೆಂಟ್ ಕದಿಯಬೇಡಿ. ಬ್ಯಾಟರಿಯಿಂದ ಬೇರೆ ದಪ್ಪ ವೈರು, ಅದಕ್ಕೊಂದು ಸರ್ಕ್ಯೂಟ್ ಬ್ರೇಕರ್ ಬೇಕು. ವೈರು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ತಕ್ಷಣ ಬ್ಯಾಟರಿ ಕಳಚಿ.

ಭಾರತದಲ್ಲಿ ಹಳೆ ಶೆವರ್ಲೆ, ಡಾಡ್ಜ್ ಇಟ್ಟುಕೊಂಡವರಿಗೆ ಒಂದು ಮಾತು. ಜನರಲ್ ಮೋಟಾರ್ಸ್ 1928ರಿಂದ 1954ರ ತನಕ ಮುಂಬೈನ ಸೇವ್ರಿಯಲ್ಲಿ ಕಾರು ಜೋಡಿಸುತ್ತಿತ್ತು, ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಜೋಡಿಸುತ್ತಿತ್ತು. ಅವು ಬಲಗಡೆ ಸ್ಟೀರಿಂಗ್‌ನವು. ಅಮೆರಿಕದಿಂದ ಎಡಗಡೆ ಸ್ಟೀರಿಂಗ್ ಕಾರಿನ ಬೆಂಚ್ ಸೀಟು ತರಿಸಿದರೆ ಸರಿಸುವ ಹಿಡಿಕೆ ಪಕ್ಕದಲ್ಲಿ ಕೂತವರ ಕೈಗೆ ಸಿಗುತ್ತದೆ, ನಿಮಗಲ್ಲ. ನಿಮ್ಮ ಹಳೆ ಹಳಿಗಳನ್ನೇ ಅದಕ್ಕೆ ಹಾಕಿಕೊಳ್ಳಿ.

ಎಲ್ಲ ಬಿಗಿದ ಮೇಲೆ ಒಂದೊಂದು ನಟ್ಟಿಗೂ ಪಕ್ಕದ ತಗಡಿಗೂ ಸೇರಿಸಿ ಬಿಳಿ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ನೂರು ಮೈಲಿ ಓಡಿಸಿ, ಮತ್ತೆ ಅಡಿಗೆ ಹೋಗಿ ಟಾರ್ಚ್ ಹಾಕಿ. ಗೆರೆ ಕೂಡಿಕೊಂಡಿದ್ದರೆ ಸರಿ. ಎಲ್ಲಾದರೂ ಗೆರೆ ಮುರಿದಿದ್ದರೆ ಆ ನಟ್ಟು ತಿರುಗಿದೆ. ಅದನ್ನು ಬಿಗಿದು ಬಿಡಬೇಡಿ, ಬಿಚ್ಚಿ ಅಲ್ಲಿನ ತಗಡು ನೋಡಿ.